ಡಿಗ್ರಿ ಇಲ್ಲದವರ ಶಿಫಾರಸು

ಸ್ಟ್ಯಾನ್ಮೋರ್, ಲಂಡನ್
2 ಸೆಪ್ಟೆಂಬರ್ 2024

ಪ್ರಿಯ ಆನಂದತೀರ್ಥ,

ಅಕ್ಷರ ನೋಡಿಯೇ ಯಾರೆಂದು ಗೊತ್ತಾಗಿರಬೇಕು. ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ನಾಲ್ಕು ವರ್ಷ ನನ್ನ ನೋಟ್ಸ್ ನಕಲು ಮಾಡಿದವನು ನೀನು. ಹೌದು, ವೇದವತಿಯೇ. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಸೇರಿದ ಮೂರನೇ ದಿನಕ್ಕೇ ನೀನು ಹೇಳದೆ ಕೇಳದೆ ಬಿಟ್ಟುಹೋದೆ. ನಿನ್ನ ನಂಬರ್ ಯಾರ ಹತ್ತಿರವೂ ಇಲ್ಲ. ಕೊನೆಗೆ ನಿಮ್ಮ ಕಾಲೇಜಿನ ವೆಬ್‌ಸೈಟಿನಲ್ಲಿ ಸಿಕ್ಕಿಬಿದ್ದೆ. ತಲೆಗೂದಲು ಪೂರ್ತಿ ಹೋಗಿದೆ, ಗಂಟುಮೋರೆ ಮಾತ್ರ ಹಾಗೇ ಇದೆ. ಇಮೇಲ್ ಹಾಕಬಹುದಿತ್ತು. ಆದರೆ ಕೇಳಬೇಕಾದ ವಿಷಯ ನಿಮ್ಮ ಆಫೀಸಿನವರ ಕಣ್ಣಿಗೆ ಬೀಳುವುದು ಬೇಡ ಎಂದು ಅಂಚೆಗೆ ಹಾಕುತ್ತಿದ್ದೇನೆ.

ವಿಷಯ ನನ್ನ ಮಗಳದು. ಹೆಸರು ಮಾಳವಿಕಾ, ವಯಸ್ಸು ಇಪ್ಪತ್ತೈದು. ಬಯಾಲಜಿ ಓದಿ, ಕ್ಯಾನರಿ ವಾರ್ಫಿನ ಒಂದು ಬ್ಯಾಂಕಿನಲ್ಲಿ ಎರಡು ವರ್ಷದಿಂದ ಕೆಲಸದಲ್ಲಿದ್ದಾಳೆ. ಹೋದ ವಾರ ಊಟದ ಮಧ್ಯೆ ತಟ್ಟೆಯಿಂದ ಮುಖ ಎತ್ತದೆ, ಅಮೆರಿಕದಲ್ಲಿ ಡಾಕ್ಟರ್ ಓದಲು ಅರ್ಜಿ ಹಾಕುತ್ತಿದ್ದೇನೆ ಎಂದಳು. ಅವಳು ಹುಟ್ಟಿದ್ದು ಅಲ್ಲೇ, ನನ್ನ ಗಂಡ ರಾಮಪ್ರಸಾದ್ ಫೆಲೋಶಿಪ್‌ಗೆ ಹೋಗಿದ್ದಾಗ. ಹಾಗಾಗಿ ವೀಸಾ ಗೋಜಲಿಲ್ಲ. ಯಾವ ಕಾಲೇಜು ಎಂದರೆ ನಿಮ್ಮ ಕಾಲೇಜಿನ ಹೆಸರು ಹೇಳಿದಳು. ಆಸ್ಟಿಯೋಪಥಿ ಎಂದಳು. ರಾಮಪ್ರಸಾದ್ ಅರಿವಳಿಕೆ ತಜ್ಞರು, ಸುಲಭಕ್ಕೆ ಬೆಚ್ಚುವವರಲ್ಲ. ಅವರ ಕೈಯಿಂದಲೇ ಚಪಾತಿ ಜಾರಿತು.

ಇಲ್ಲಿ ಆಸ್ಟಿಯೋಪಾತ್ ಎಂದರೆ ನಮ್ಮ ಹೈಸ್ಟ್ರೀಟಿನ ಉಗುರು ಬಣ್ಣದ ಅಂಗಡಿಯ ಪಕ್ಕ ಬೋರ್ಡು ಹಾಕಿಕೊಂಡು ಬೆನ್ನು ಸರಿಮಾಡುವವರು. ಒಳ್ಳೆಯವರೇ ಇರಬಹುದು, ಆದರೆ ಔಷಧಿ ಬರೆಯುವ ಡಾಕ್ಟರಲ್ಲ. ಇಬ್ಬರು ಡಾಕ್ಟರುಗಳ ಮಗಳು ಅದಕ್ಕಾಗಿ ಸಮುದ್ರ ದಾಟಬೇಕೇ? ಡಾಕ್ಟರೇ ಇಲ್ಲದ ಊರುಗಳಿಗೆ ಡಾಕ್ಟರನ್ನು ತಯಾರು ಮಾಡುವ ಕಾಲೇಜಂತೆ. ಹಾಗಂತ ಅವಳು ಹೇಳುವಾಗ ಕಣ್ಣು ಅರಳುತ್ತದೆ. ಡಾಕ್ಟರಿಗಾಗಿ ಕಾಯುವ ಜನ ಲಂಡನ್ನಿನಲ್ಲಿ ಇಲ್ಲವೇ? ನಾನು ಮೂವತ್ತು ವರ್ಷ ಬಡಾವಣೆಯ ಡಾಕ್ಟರಾಗಿ, ಜಿಪಿಯಾಗಿ ದುಡಿದದ್ದು ಅವರ ನಡುವೆಯೇ, ಅವಳ ಬ್ಯಾಂಕಿನ ಗೋಪುರದ ನೆರಳು ಬೀಳುವ ಬಡವರ ಕೌನ್ಸಿಲ್ ಫ್ಲ್ಯಾಟುಗಳ ಬುಡದಲ್ಲಿ.

ನೀನು ಅಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತೀಯೆ ಎಂದು ನೋಡಿದೆ. ನಿಜ ಹೇಳು. ಅದು ವೈದ್ಯವೋ, ಮಾಲೀಷೋ? ನಿನ್ನಂಥವನು ಅಲ್ಲಿಗೆ ಹೋಗಿ ಸೇರಿದ್ದಾದರೂ ಹೇಗೆ? ಮಾಲೀಷೆಂದಾದರೆ ಈಗಲೇ ನಿಲ್ಲಿಸುತ್ತೇನೆ. ಅವಳು ನನ್ನ ಮಾತು ಮೀರುವವಳಲ್ಲ.

ನಿನ್ನ ಹಳೆಯ ಗೆಳತಿ,
ವೇದವತಿ


ಮಿಲ್ಸ್ ಫೋರ್ಕ್, ಕೆಂಟಕಿ
14 ಸೆಪ್ಟೆಂಬರ್ 2024

ಪ್ರಿಯ ವೇದಾ,

ನಕಲು ಮಾಡಿದ್ದು ಮೂರು ವರ್ಷ. ನಾಲ್ಕನೇ ವರ್ಷ ನಿನ್ನ ನೋಟ್ಸಿನಲ್ಲಿ ತಪ್ಪುಗಳಿದ್ದವು.

ಮೊದಲು ಒಂದು ಮಾತು. ನಾನು ಇಲ್ಲಿನ ಪ್ರವೇಶ ಸಮಿತಿಯಲ್ಲಿದ್ದೇನೆ. ನಿನ್ನ ಪತ್ರ ಓದಿದ ದಿನವೇ, ಈ ಅರ್ಜಿದಾರಳ ತಾಯಿ ನನಗೆ ಪರಿಚಯ ಎಂದು ಬರೆದುಕೊಟ್ಟು ಅವಳ ಕಡತದಿಂದ ಹೊರಗೆ ಬಂದೆ. ಅವಳು ಏನು ಬರೆದಳು, ಯಾರು ಏನೆಂದರು ಎಂಬುದೊಂದೂ ಇನ್ನು ನನಗೆ ತಿಳಿಯುವುದಿಲ್ಲ. ಹಾಗಾಗಿ ನೀನು ನನ್ನನ್ನು ಏನು ಬೇಕಾದರೂ ಕೇಳಬಹುದು.

ಇದು ವೈದ್ಯವೇ. ಈ ದೇಶದಲ್ಲಿ ಆಸ್ಟಿಯೋಪಥಿ ಓದಿದವರು ಪೂರ್ತಿ ಡಾಕ್ಟರು. ಔಷಧಿ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ, ಹೆರಿಗೆ ಮಾಡಿಸುತ್ತಾರೆ. ನಾವು ಓದಿದ್ದನ್ನೆಲ್ಲ ಓದುತ್ತಾರೆ. ಅದರ ಮೇಲೆ ಎರಡು ವರ್ಷ ಕೈಗಳನ್ನು ಪಳಗಿಸುತ್ತಾರೆ, ಅಷ್ಟೇ ವ್ಯತ್ಯಾಸ. ಈ ಬೆಟ್ಟದ ಊರಿನಲ್ಲಿ ಗಣಿಗಳು ಮುಚ್ಚಿದವು, ಆಮೇಲೆ ಆಸ್ಪತ್ರೆ ಮುಚ್ಚಿತು. ಹೆರಿಗೆಗೆ ಒಂದೂವರೆ ಗಂಟೆ ಕಾರಿನಲ್ಲಿ ಹೋಗಬೇಕಿತ್ತು. ಹೊರಗಿನಿಂದ ಬಂದ ಡಾಕ್ಟರು ಯಾರೂ ನಿಲ್ಲಲಿಲ್ಲ. ಹಾಗಾಗಿ ಇಲ್ಲೇ ಕಾಲೇಜು ಕಟ್ಟಿದರು. ಹುಡುಗರು ಊರಿನವರ ಮನೆಗಳಲ್ಲೇ ಬಾಡಿಗೆಗೆ ಇರುತ್ತಾರೆ, ಅವರ ಜೊತೆಯಲ್ಲೇ ತರಕಾರಿ ಕೊಳ್ಳುತ್ತಾರೆ. ಯಾರನ್ನು ನೋಡಿಕೊಳ್ಳಬೇಕೋ ಅವರ ನಡುವೆಯೇ ಬದುಕಿ ಕಲಿಯಲಿ ಎಂದು.

ಮೊದಲ ವಾರ ಏನು ಮಾಡಿಸುತ್ತಾರೆ ಗೊತ್ತೇ? ಮೇಜಿನ ಮೇಲೆ ಒಂದು ತಲೆಗೂದಲು ಇಟ್ಟು ಅದರ ಮೇಲೆ ಒಂದು ಹಾಳೆ ಹೊದಿಸುತ್ತಾರೆ. ಕಣ್ಣು ಮುಚ್ಚಿ ಬೆರಳಿನಿಂದ ಅದು ಎಲ್ಲಿದೆಯೆಂದು ಹುಡುಕಬೇಕು. ಸಿಕ್ಕಿದರೆ ಇನ್ನೊಂದು ಹಾಳೆ, ಮತ್ತೊಂದು. ಕೆಲವರು ಹದಿನೈದು ಹಾಳೆಯವರೆಗೆ ಹೋಗುತ್ತಾರೆ. ಆಮೇಲೆ ಒಬ್ಬರ ಬೆನ್ನನ್ನು ಇನ್ನೊಬ್ಬರು ನೋಡಬೇಕು. ಮುಟ್ಟುವ ಮೊದಲು ಕೇಳಬೇಕು, ಕೈ ಬೆಚ್ಚಗೆ ಮಾಡಿಕೊಳ್ಳಬೇಕು. ನಮ್ಮ ಕಡೆಯ ಮನೆಗಳ ಮಕ್ಕಳು ಆ ವಾರ ನಾಚಿ ನೆಲ ನೋಡುತ್ತಾರೆ.

ಇನ್ನೊಂದು ಪದ್ಧತಿಯಿದೆ, ಮಾಳವಿಕಾಳಿಗೆ ತಿಳಿದಿರಬೇಕು. ಮೂರು ಶಿಫಾರಸು ಪತ್ರಗಳು ಬೇಕು. ಎರಡು ದೊಡ್ಡವರಿಂದ ಆಗಬಹುದು. ಮೂರನೆಯದನ್ನು ಬರೆಯುವವರು ಡಾಕ್ಟರ್ ಆಗಿರಬಾರದು, ಸಂಬಂಧಿಕರಾಗಿರಬಾರದು. ಅರ್ಜಿದಾರರಿಂದ ಸೇವೆ ಪಡೆದವರಾಗಿರಬೇಕು. ಯಾವ ಭಾಷೆಯಲ್ಲಿದ್ದರೂ ಸರಿ, ಇಂಗ್ಲಿಷ್ ಅನುವಾದ ಜೊತೆಗಿರಬೇಕು. ಜನವರಿ ಹದಿನೈದು ಕೊನೆಯ ದಿನ. ಒಂದು ದಿನ ತಡವಾದರೂ ಮುಂದಿನ ವರ್ಷವೇ.

ಕುತೂಹಲಕ್ಕೆ ಕೇಳುತ್ತೇನೆ. ನಿಮ್ಮ ಜಿಪಿಗಳು ರೋಗಿಯ ಬೆನ್ನು ಮುಟ್ಟಿ ನೋಡುತ್ತಾರೆಯೇ? ನೀನು ಕೊನೆಯ ಸಲ ನೋಡಿದ್ದು ಯಾವಾಗ?

ಆನಂದ


ಸ್ಟ್ಯಾನ್ಮೋರ್
6 ಅಕ್ಟೋಬರ್ 2024

ಪ್ರಿಯ ಆನಂದ,

ನಿನ್ನ ಕೂದಲಿನ ಆಟ ನಮ್ಮ ಮನೆಯನ್ನು ಒಂದು ಭಾನುವಾರ ಪೂರ್ತಿ ಹಾಳು ಮಾಡಿತು. ನಾನು ನಾಲ್ಕು ಹಾಳೆಯವರೆಗೆ ಹೋದೆ. ರಾಮಪ್ರಸಾದ್ ಎರಡನೆಯದಕ್ಕೇ ಕೈಚೆಲ್ಲಿ, ನನ್ನ ರೋಗಿಗಳೆಲ್ಲ ಮಲಗಿರುತ್ತಾರೆ, ನನಗೆ ಇದು ಬೇಕಿಲ್ಲ ಎಂದು ಎದ್ದರು. ಮಾಳವಿಕಾ ಹನ್ನೊಂದು! ಮೋಸ ಮಾಡುತ್ತಿದ್ದಾಳೆಂದು ನಾನೇ ಅವಳ ಕಣ್ಣಿಗೆ ದುಪಟ್ಟಾ ಕಟ್ಟಿ ಮತ್ತೆ ಮಾಡಿಸಿದೆ. ಮತ್ತೆ ಹನ್ನೊಂದೇ.

ಹಾಗಾದರೆ ವೈದ್ಯವೇ ಎಂದಾಯಿತು. ಅರ್ಧ ಸಮಾಧಾನ. ಉಳಿದರ್ಧಕ್ಕೆ ಪ್ರಶ್ನೆಗಳಿವೆ. ಆ ಊರಿನಲ್ಲಿ ಚಳಿ ಎಷ್ಟು? ಮಕ್ಕಳು ಊಟಕ್ಕೆ ಏನು ಮಾಡುತ್ತಾರೆ? ಬೆನ್ನು ಮುಟ್ಟಿದ ಮಾತ್ರಕ್ಕೆ ನಿಜವಾಗಿ ಏನು ತಿಳಿಯುತ್ತದೆ, ನಮ್ಮ ಪ್ರೊಫೆಸರು ಹೇಳಿಕೊಟ್ಟದ್ದಕ್ಕಿಂತ ಹೆಚ್ಚಾಗಿ? ನೀನು ಮುಟ್ಟಿದಾಗ ನಿನಗೆ ಏನು ತಿಳಿಯುತ್ತದೆ?

ನನ್ನನ್ನು ಕೇಳಿದೆಯಲ್ಲ. ನಮ್ಮಲ್ಲಿ ಒಬ್ಬ ರೋಗಿಗೆ ಹತ್ತು ನಿಮಿಷ. ಅದರಲ್ಲಿ ಅವರು ಕೋಟು ಬಿಚ್ಚಿ ಕೂರುವುದಕ್ಕೆ ಒಂದು ನಿಮಿಷ, ಕಂಪ್ಯೂಟರಿನಲ್ಲಿ ಬರೆಯಲು ಮೂರು. ಹೊರಗೆ ಹದಿನಾಲ್ಕು ಜನ ಕಾಯುತ್ತಿರುತ್ತಾರೆ. ನೀನು ಬೆಟ್ಟದ ಮೇಲೆ ಕೂತು ಕೇಳುವುದು ಸುಲಭ. ಹೇಗಿದ್ದರೂ ನಾನು ಹೋದ ವರ್ಷವೇ ನಿವೃತ್ತಳಾದೆ. ಮಂಡಿ ನೋವು, ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ.

ಮೂರನೆಯ ಪತ್ರದ ಚಿಂತೆ ಬಿಡು. ಪಿನ್ನರ್‌ನಲ್ಲಿರುವ ಋಷಿಕೇಶ್ ಇಲ್ಲಿಯ ದೊಡ್ಡ ಹೃದಯತಜ್ಞರು, ಕನ್ನಡ ಬಳಗದ ಅಧ್ಯಕ್ಷರೂ ಆಗಿದ್ದವರು. ಮಾಳವಿಕಾಳನ್ನು ಎತ್ತಿ ಆಡಿಸಿದವರು. ಅವರಿಗೆ ಫೋನ್ ಮಾಡಿ ಹೇಳಿದ್ದೇನೆ, ಅದ್ಭುತವಾಗಿ ಬರೆಯುತ್ತಾರೆ. ಸೇವೆ ಎಂದು ಅವಳು ಏನು ಮಾಡಿದ್ದಾಳೆ ಪಾಪ, ಅವಳಿಗೆ ಸಮಯವೆಲ್ಲಿ? ಶನಿವಾರವೂ ಜೂಬಿಲಿ ಲೈನ್ ರೈಲು ಹತ್ತಿ ಆಫೀಸಿಗೆ ಹೋಗುತ್ತಾಳೆ.

ವೇದಾ


ಮಿಲ್ಸ್ ಫೋರ್ಕ್
25 ಅಕ್ಟೋಬರ್ 2024

ವೇದಾ,

ಋಷಿಕೇಶ್ ಅವರ ಪತ್ರ ನಡೆಯುವುದಿಲ್ಲ. ಅವರು ಡಾಕ್ಟರು. ನಾನು ಬರೆದದ್ದನ್ನು ನೀನು ಓದಿದ್ದೀಯೆ, ಆದರೂ ದೊಡ್ಡ ಹೆಸರೊಂದು ಬಿದ್ದರೆ ನಿಯಮ ಬಾಗುತ್ತದೆ ಎಂದುಕೊಂಡಿದ್ದೀಯೆ. ನಮ್ಮವರು ಎಲ್ಲಿಗೆ ಹೋದರೂ ಇದನ್ನು ಬಿಡುವುದಿಲ್ಲ.

ನನ್ನ ಪ್ರಶ್ನೆಗೆ ನೀನು ಉತ್ತರ ಕೊಡಲಿಲ್ಲ. ಏಕೆಂದು ಅರ್ಥವಾಯಿತು. ಮುಟ್ಟಿ ನೋಡುವುದು ನಿನಗೆ ಸಣ್ಣ ಕೆಲಸವಾಗಿ ಕಾಣುತ್ತದೆ. "ನಿನ್ನಂಥವನು ಸೇರಿದ್ದಾದರೂ ಹೇಗೆ" ಎಂದು ಕೇಳಿದ್ದೆಯಲ್ಲ, ಅದಕ್ಕೂ ಈಗ ಉತ್ತರ ಹೇಳಿಬಿಡುತ್ತೇನೆ. ಈ ದೇಶಕ್ಕೆ ಬಂದ ಮೇಲೆ ಮೂರು ಸಲ ಪ್ರಯತ್ನಿಸಿದರೂ ನನಗೆ ಯಾವ ಆಸ್ಪತ್ರೆಯಲ್ಲೂ ಜಾಗ ಸಿಗಲಿಲ್ಲ. ಹದಿನೆಂಟು ವರ್ಷ ಲ್ಯಾಬಿನಲ್ಲಿ ಇಲಿಗಳ ಜೊತೆ ಕಳೆದೆ. ಬ್ಯಾಚಿನ ಗುಂಪಿನಲ್ಲಿ ನಿಮ್ಮ ಪದವಿಗಳ ಮೆರವಣಿಗೆ ನೋಡಲಾಗದೆ ಬಿಟ್ಟುಹೋದೆ. ನನ್ನನ್ನು ಕರೆದು ಪಾಠ ಮಾಡು ಎಂದದ್ದು ಈ ಬೆಟ್ಟದ ಕಾಲೇಜು ಒಂದೇ. ಐವತ್ತೆರಡನೆಯ ವಯಸ್ಸಿನಲ್ಲಿ ಇಪ್ಪತ್ತೆರಡರ ಮಕ್ಕಳ ಪಕ್ಕ ನಿಂತು ಆ ಕೂದಲನ್ನು ನಾನೂ ಹುಡುಕಿದೆ. ಮೊದಲ ದಿನ ಒಂದು ಹಾಳೆಯೂ ದಾಟಲಿಲ್ಲ.

ಮುಟ್ಟಿದಾಗ ಏನು ತಿಳಿಯುತ್ತದೆ ಎಂದು ಕೇಳಿದೆ. ರೋಗಿ ಬಾಯಲ್ಲಿ ಹೇಳುವುದಕ್ಕೂ ಮೈ ಹೇಳುವುದಕ್ಕೂ ಇರುವ ಅಂತರ ತಿಳಿಯುತ್ತದೆ.

ಊಟಕ್ಕೆ ತೊಂದರೆಯಿಲ್ಲ. ಚಳಿ ಹೆಚ್ಚು.

ಆನಂದತೀರ್ಥ


ಸ್ಟ್ಯಾನ್ಮೋರ್
8 ಡಿಸೆಂಬರ್ 2024

ಪ್ರಿಯ ಆನಂದ,

ನಾಲ್ಕು ವಾರ ಉತ್ತರ ಬರೆಯದೆ ಕೂತಿದ್ದೆ. ಮೊದಲ ಎರಡು ವಾರ ನಿನ್ನ ಮೇಲೆ ಸಿಟ್ಟು. ಆಮೇಲೆ ಸಿಟ್ಟಲ್ಲ. ನೀನು ನನ್ನನ್ನು ತಪ್ಪು ತಿಳಿದಿದ್ದೀಯೆ ಕಣೋ. ನಾನು ಉತ್ತರ ಕೊಡದಿದ್ದದ್ದು ಸಸಾರದಿಂದಲ್ಲ, ಹೆದರಿ.

ಹೋದ ಭಾನುವಾರ ಮಾಳವಿಕಾ ಒಂದು ಲಕೋಟೆ ತಂದು ನನ್ನ ಮುಂದಿಟ್ಟಳು. "ಅಮ್ಮ, ಇದು ನನ್ನ ಥರ್ಡ್ ಲೆಟರ್. ಕನ್ನಡದಲ್ಲಿದೆ. ಯು ಟ್ರಾನ್ಸ್‌ಲೇಟ್ ಇಟ್, ಪ್ಲೀಸ್" ಎಂದಳು. ಅವಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಯಾರು ಬರೆದದ್ದು ಎಂದೆ. "ಜೂಲಿ ಆಂಟಿ" ಎಂದಳು. ಶನಿವಾರಗಳೆಲ್ಲ ಎಲ್ಲಿಗೆ ಹೋಗುತ್ತಿದ್ದಳು ಎಂದು ಆಗ ತಿಳಿಯಿತು. ಆಫೀಸಿಗಲ್ಲ.

ಜೂಲಿ ಯಾರೆಂದು ಹೇಳಬೇಕಾದರೆ ಅವಳ ಗಂಡನಿಂದ ಶುರುಮಾಡಬೇಕು. ಲೂಯಿಸ್ ಕ್ವಾಡ್ರಸ್, ಉಡುಪಿ ಹತ್ತಿರದ ಶಿರ್ವದವರು. ಹಡಗಿನಲ್ಲಿ ಅಡಿಗೆ ಮಾಡಿಕೊಂಡಿದ್ದು, ಆಮೇಲೆ ಇಲ್ಲಿ ಒಂದು ಶಾಲೆಯ ಅಡಿಗೆಮನೆಗೆ ಸೇರಿದವರು. ಮನೆಯಲ್ಲಿ ಕೊಂಕಣಿ, ಆದರೆ ಕನ್ನಡವೆಂದರೆ ಪ್ರಾಣ. ನನ್ನ ಕ್ಲಿನಿಕ್ಕಿನ ಬೋರ್ಡಿನಲ್ಲಿ ಹೆಸರು ನೋಡಿ, ಡಾಕ್ಟ್ರು ನಮ್ಮ ಕಡೆಯವರೋ ಎಂದು ಕೇಳಿಕೊಂಡು ಬಂದಿದ್ದರು. 2022ರಲ್ಲಿ ಎಂಟು ತಿಂಗಳು ಬೆನ್ನುನೋವೆಂದು ಬರುತ್ತಿದ್ದರು. ಬಂದವರೇ "ಇವತ್ತು ಕಡಿಮೆ ಉಂಟು ಡಾಕ್ಟ್ರೆ" ಎನ್ನುತ್ತಿದ್ದರು. ಆಮೇಲೆ ಮಾತು. ಬಂಗುಡೆ ಸಾರಿಗೆ ಇಲ್ಲಿ ಸಿಗುವ ಮೀನು ಆಗುವುದಿಲ್ಲ ಎಂಬುದರಿಂದ ಹಿಡಿದು ಶಾಲೆಯಲ್ಲಿ ಕಲಿತ ಪದ್ಯಗಳವರೆಗೆ. ಇಡೀ ದಿನದಲ್ಲಿ ಆ ಹತ್ತು ನಿಮಿಷ ನನಗೆ ಹಬ್ಬವಾಗಿತ್ತು, ನಿಜ ಹೇಳುತ್ತೇನೆ. ಬೇರೆ ಯಾರಾದರೂ ಆಗಿದ್ದರೆ ಅಂಗಿ ಬಿಚ್ಚಿ ಮೇಜಿನ ಮೇಲೆ ಮಲಗಿ ಎನ್ನುತ್ತಿದ್ದೆ. ಈ ಮನುಷ್ಯನಿಗೆ ಹಾಗೆ ಹೇಳಲು ಸಂಕೋಚ. ಊರಿನ ಹಿರಿಯರೊಬ್ಬರ ಅಂಗಿ ಬಿಚ್ಚಿಸಿದ ಹಾಗೆ ಅನಿಸುತ್ತಿತ್ತು. ಅವರಿಗೂ ಸಂಕೋಚ. ಮಾತ್ರೆ ಬರೆದೆ, ಫಿಸಿಯೋಥೆರಪಿಗೆ ಹೆಸರು ಹಾಕಿದೆ. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು ಆನಂದ. ಬೆರಳಿನಿಂದ ಒಮ್ಮೆ ತಟ್ಟಿದ್ದರೆ ಗೊತ್ತಾಗುತ್ತಿತ್ತು, ಮೂರನೇ ವರ್ಷದ ವಿದ್ಯಾರ್ಥಿಗೂ ಗೊತ್ತಾಗುತ್ತಿತ್ತು. 2023ರ ಫೆಬ್ರವರಿಯಲ್ಲಿ ತೀರಿಕೊಂಡರು. ಜೂಲಿ ಎಲ್ಲಿಯೂ ದೂರು ಕೊಡಲಿಲ್ಲ. ನಾನು ಏಪ್ರಿಲ್‌ನಲ್ಲಿ ಕೆಲಸ ಬಿಟ್ಟೆ. ನನ್ನ ಮಂಡಿ ಚೆನ್ನಾಗಿಯೇ ಇದೆ.

ಜೂಲಿಯ ಪತ್ರ ಎರಡು ಪುಟ. ದುಂಡಗಿನ ಅಕ್ಷರ. ಮೊದಲ ಪುಟ ಪೂರ್ತಿ ಮಾಳವಿಕಾಳ ಶನಿವಾರಗಳದ್ದು. ಲೂಯಿಸ್‌ಗೆ ದಿಂಬು ಹೇಗಿಟ್ಟರೆ ನೋವು ಕಡಿಮೆಯೆಂದು ನರ್ಸಿನ ಹತ್ತಿರ ಕಲಿತು ಬಂದು ಜೂಲಿಗೆ ಕಲಿಸಿದ್ದು, ಅವರು ಹೋದ ಮೇಲೂ ಬರುವುದನ್ನು ಬಿಡದಿದ್ದದ್ದು, ಕೌನ್ಸಿಲ್‌ನ ಕಾಗದ ಓದಿ ಹೇಳುವುದು. ಎರಡನೆಯ ಪುಟದಲ್ಲಿ ಹೀಗಿದೆ:

"ಇವಳ ತಾಯಿಯೇ ನಮ್ಮ ಡಾಕ್ಟ್ರು. ನನ್ನ ಗಂಡ ಬೆನ್ನುನೋವು ಅಂತ ಒಂಬತ್ತು ಸಲ ಹೋದರು. ಒಂಬತ್ತು ಸಲವೂ ಡಾಕ್ಟ್ರು ಅವರ ಹತ್ತಿರ ಕನ್ನಡದಲ್ಲಿ ಚಂದ ಮಾತಾಡಿದರು, ಮಾತ್ರೆ ಬರೆದರು. ಬೆನ್ನು ಮುಟ್ಟಿ ನೋಡಲಿಲ್ಲ. ಹತ್ತನೆಯ ಸಲ ಅವರಿಗೆ ಹೊರಗಿನ ಕುರ್ಚಿಯಿಂದ ಏಳಲಿಕ್ಕೆ ಆಗಲಿಲ್ಲ. ಆ ಬೇಸಿಗೆಯಲ್ಲಿ ಮಾಳವಿಕಾ ಅಲ್ಲಿ ಕೌಂಟರಿನಲ್ಲಿ ಕೂತುಕೊಳ್ಳುತ್ತಿದ್ದಳು. ಅವಳು ಎದ್ದು ಬಂದು, ಅಂಕಲ್, ಮುಟ್ಟಬಹುದಾ ಅಂತ ಕೇಳಿ ಬೆನ್ನಿಗೆ ಕೈ ಇಟ್ಟಳು. ಅವರು ಕಿರುಚಿದರು. ಇದು ಸರಿ ಇಲ್ಲ ಅಂತ ಅವಳೇ ಒಳಗೆ ಹೋಗಿ ತಾಯಿಯನ್ನು ಕರೆದುಕೊಂಡು ಬಂದಳು."

ಎರಡು ಅನುವಾದ ಮಾಡಿ ಇಟ್ಟುಕೊಂಡಿದ್ದೇನೆ. ಒಂದು ಪೂರ್ತಿ. ಇನ್ನೊಂದರಲ್ಲಿ ಈ ಭಾಗ ಇಲ್ಲ, ಆದರೂ ಪತ್ರ ಎಲ್ಲಿಯೂ ಹರಿದಂತೆ ಕಾಣುವುದಿಲ್ಲ. ಮೂವತ್ತು ವರ್ಷ ಜನ ನನ್ನನ್ನು ಒಳ್ಳೆಯ ಡಾಕ್ಟರ್ ಎಂದಿದ್ದಾರೆ. ನನ್ನ ಮಗಳು ಓದುವ ಕಾಲೇಜಿನ ಕಪಾಟಿನಲ್ಲಿ ಈ ಕಾಗದ ಇರಬೇಕೇ? ಯಾವುದನ್ನು ಕೊಡಲಿ, ಹೇಳು.

ವೇದಾ


ಸ್ಟ್ಯಾನ್ಮೋರ್
20 ಡಿಸೆಂಬರ್ 2024

ಪ್ರಿಯ ಆನಂದ,

ಹೋದ ಪತ್ರಕ್ಕೆ ಉತ್ತರಿಸುವ ತೊಂದರೆ ತೆಗೆದುಕೊಳ್ಳಬೇಡ. ಅನುವಾದ ಮುಗಿಸಿ ಮಾಳವಿಕಾಳ ಕೈಗೆ ಕೊಟ್ಟಾಯಿತು. ಓದಿ ಥ್ಯಾಂಕ್ಸ್ ಎಂದಳು. ಒಂದೂವರೆ ಪುಟ, ಚೊಕ್ಕವಾಗಿ ಬಂದಿದೆ. ಇಲ್ಲಿ ಎಲ್ಲ ಕಡೆ ದೀಪ ಹಾಕಿದ್ದಾರೆ, ರಾಮಪ್ರಸಾದ್ ಕೇಕ್ ತಿಂದು ಸಕ್ಕರೆ ಏರಿಸಿಕೊಂಡಿದ್ದಾರೆ. ನಿನಗೆ ಹೊಸ ವರ್ಷದ ಶುಭಾಶಯ. ಚಳಿಗೆ ಒಳ್ಳೆಯ ಸ್ವೆಟರ್ ಇದೆಯೇ?

ವೇದಾ


ಮಿಲ್ಸ್ ಫೋರ್ಕ್
21 ಡಿಸೆಂಬರ್ 2024

ಪ್ರಿಯ ವೇದಾ,

ನಿನ್ನ ಎಂಟನೆಯ ತಾರೀಖಿನ ಪತ್ರ ಈಗಷ್ಟೇ ಬಂತು. ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಹಳೆಯ ಗಾಯವನ್ನು ನಾನೇ ಕೆದಕಿಕೊಂಡು, ಕೆದಕಿದ್ದು ನೀನು ಎಂದುಕೊಂಡೆ. ಅಕ್ಟೋಬರಿನ ನನ್ನ ಪತ್ರವನ್ನು ಸಾಧ್ಯವಾದರೆ ಹರಿದುಹಾಕು.

ಒಂದು ತಾಂತ್ರಿಕ ವಿಷಯ. ಸಂಬಂಧಿಕರು ಅನುವಾದವನ್ನೂ ಮಾಡುವಂತಿಲ್ಲ. ಹಾಗಾಗಿ ನಿನ್ನ ಎರಡೂ ಅನುವಾದ ಬೇಡ. ಕನ್ನಡ ಬಲ್ಲ ಬೇರೆ ಯಾರಿಂದಾದರೂ ಮಾಡಿಸಿ, ಮೂಲದ ಜೊತೆ ಕಳಿಸಲಿ. ಇನ್ನೂ ಮೂರು ವಾರ ಸಮಯವಿದೆ.

ಇದರಿಂದ ನಿನ್ನ ಪ್ರಶ್ನೆ ಮುಗಿಯಿತೆಂದು ಅಂದುಕೊಳ್ಳಬೇಡ. ನೀನು ಅದನ್ನು ಕೈಬಿಟ್ಟಿದ್ದರೆ ಇಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ, ಅದು ನಿಜ. ಆದರೆ ನೀನು ನಕಲು ಮಾಡಿ ಕಳಿಸಿದ ಆ ಭಾಗವನ್ನು ನಾನು ನಾಲ್ಕು ಸಲ ಓದಿದೆ. ಅದರಲ್ಲಿ ನೀನು ನಿನ್ನನ್ನು ಮಾತ್ರ ನೋಡುತ್ತಿದ್ದೀಯೆ. ಅದು ಮಾಳವಿಕಾಳ ಬಗ್ಗೆ ಇರುವ ಭಾಗ, ವೇದಾ. ಯಾರೂ ಕಲಿಸದೆ, ಕೇಳಿ ಮುಟ್ಟಿದವಳು, ಮುಟ್ಟಿ ತಿಳಿದವಳು, ತಿಳಿದದ್ದನ್ನು ಸ್ವಂತ ತಾಯಿಗೆ ಹೋಗಿ ಹೇಳಿದವಳು. ನಾವು ಎರಡು ವರ್ಷ ತಿಣುಕಿ ಕಲಿಸುವುದು ಅದನ್ನೇ. ನಿನ್ನ ಹೆಸರು ಉಳಿಸಿಕೊಳ್ಳಲು ನೀನು ಅಳಿಸುವುದು ಅವಳನ್ನು.

ನಾನು ಸಮಿತಿಯಲ್ಲಿ ಇದ್ದು ಹೇಳುತ್ತಿಲ್ಲ. ಗೆಳೆಯನಾಗಿ ಹೇಳುತ್ತಿದ್ದೇನೆ.

ಆನಂದ


ಸ್ಟ್ಯಾನ್ಮೋರ್
26 ಜನವರಿ 2025

ಪ್ರಿಯ ಆನಂದ,

ನಿನ್ನ ಡಿಸೆಂಬರಿನ ಪತ್ರ ನನ್ನ ಕೈಗೆ ಬಂದದ್ದು ಜನವರಿ ಹದಿನೇಳಕ್ಕೆ. ರಜೆಯೋ, ನಿಮ್ಮ ಹಿಮವೋ, ಎಲ್ಲಿ ಕೂತಿತ್ತೋ ಗೊತ್ತಿಲ್ಲ. ಅಂಚೆಯವರನ್ನು ಬೈಯುವ ಹಕ್ಕು ನನಗಿಲ್ಲ. ಡಿಸೆಂಬರ್ ಇಪ್ಪತ್ತರ ನನ್ನ ಚೀಟಿ ಓದಿ ನೀನು ಊಹಿಸಿರುತ್ತೀಯೆ, ನಾನು ಕೊಟ್ಟದ್ದು ಕತ್ತರಿಸಿದ ಅನುವಾದ.

ಮಾರನೆಯ ದಿನ ಶನಿವಾರ. ಮಾಳವಿಕಾ ಹೊರಡಲು ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದಳು. ನಾನು ಎದುರಿಗೆ ನಿಂತು ಹೇಳಿಬಿಟ್ಟೆ. ಪತ್ರದ ಒಂದು ಭಾಗ ಬಿಟ್ಟಿದ್ದೇನೆ, ಅದು ನನ್ನ ತಪ್ಪಿನ ಭಾಗ, ನಿನ್ನ ಕಾಲೇಜಿಗೆ ಸುಳ್ಳು ಕಾಗದ ಹೋಗಿದೆ, ಈಗಲೇ ಬರೆದು ತಿದ್ದೋಣ ಎಂದೆ. ಅವಳು ಲೇಸ್ ಕಟ್ಟುವುದನ್ನು ನಿಲ್ಲಿಸಲಿಲ್ಲ. "ಐ ನೋ ಅಮ್ಮ. ನಾನು ಕಳಿಸ್ಲಿಲ್ಲ" ಎಂದಳು.

ಪತ್ರ ಬರೆದ ದಿನವೇ ಜೂಲಿ ಅದನ್ನು ಅವಳಿಗೆ ಜೋರಾಗಿ ಓದಿ ಹೇಳಿದ್ದಳಂತೆ. ಓದಲು ಬರದಿದ್ದರೇನು, ಕಿವಿ ಇದೆಯಲ್ಲ. ಎಲ್ಲ ಗೊತ್ತಿದ್ದೇ ನನ್ನ ಮುಂದೆ ತಂದಿಟ್ಟದ್ದು. ಸಂಬಂಧಿಕರು ಅನುವಾದ ಮಾಡಬಾರದೆಂಬುದೂ ಗೊತ್ತಿತ್ತು. ಜೂಲಿಯ ಚರ್ಚಿನ ಆಸ್ಟಿನ್ ಎಂಬವರು ಮೊದಲೇ ಪೂರ್ತಿ ಅನುವಾದ ಮಾಡಿಕೊಟ್ಟಿದ್ದರು, ಅದು ಅವಳ ಬ್ಯಾಗಿನಲ್ಲಿತ್ತು. ಮತ್ತೆ ನನ್ನನ್ನು ಏಕೆ ಕೇಳಿದೆ ಎಂದೆ. ಎರಡು ವರ್ಷದಿಂದ ಈ ಮನೆಯಲ್ಲಿ ಲೂಯಿಸ್ ಅಂಕಲ್ ಹೆಸರನ್ನು ನೀನು ಒಂದು ಸಲವೂ ಎತ್ತಿಲ್ಲ, ಹೀಗಾದರೂ ಎತ್ತುತ್ತೀಯೇನೋ ಎಂದುಕೊಂಡೆ ಎಂದಳು. ನೀನು ಬಾಯಿ ಬಿಡುವ ಮೊದಲು ಅದನ್ನು ಪರದೇಶದವರ ಕೈಗೆ ಕೊಡಲು ಮನಸ್ಸಾಗಲಿಲ್ಲ ಎಂದಳು. ದಿನ ದಿನ ಕಾದಿದ್ದಾಳೆ. ಹದಿನೈದನೆಯ ತಾರೀಖು ಕೂಡ ಬೆಳಿಗ್ಗೆ ಎದ್ದು ನನ್ನ ಜೊತೆ ಕಾಫಿ ಕುಡಿದು, ನಾನು ಹವಾಮಾನದ ಬಗ್ಗೆ ಮಾತಾಡಿದ್ದನ್ನು ಕೇಳಿಕೊಂಡು, ಟ್ಯೂಬ್ ರೈಲು ಹತ್ತಿ ಕೆಲಸಕ್ಕೆ ಹೋಗಿದ್ದಾಳೆ.

ಈ ವರ್ಷ ಹೋಯಿತು ಆನಂದ. ಕಳೆದವಳು ನಾನು. ಮಾಲೀಷಾದರೆ ನಿಲ್ಲಿಸುತ್ತೇನೆ ಎಂದು ಬರೆದಿದ್ದೆ, ವೈದ್ಯವೆಂದು ತಿಳಿದ ಮೇಲೆ ನಿಲ್ಲಿಸಿದೆ. ಮುಂದಿನ ವರ್ಷ ಮತ್ತೆ ಹಾಕುತ್ತೇನೆ ಎನ್ನುತ್ತಾಳೆ, ಆಸ್ಟಿನ್ ಅವರ ಅನುವಾದದ ಜೊತೆ. ನಿನ್ನ ಸಮಿತಿ ಏನೆನ್ನುತ್ತದೋ ಎಂದು ನಿನ್ನನ್ನು ಕೇಳುವುದಿಲ್ಲ.

ನಿನ್ನೆ ಅವಳ ಜೊತೆ ನಾನೂ ಹೋದೆ. ಹನ್ನೊಂದನೆಯ ಮಹಡಿ, ಲಿಫ್ಟು ಕೆಟ್ಟಿತ್ತು. ನಿಂತು ನಿಂತು ಹತ್ತಿದೆ. ಜೂಲಿ ಬಾಗಿಲು ತೆರೆದು, ಆಶ್ಚರ್ಯಪಡದೆ, "ಬನ್ನಿ ಡಾಕ್ಟ್ರೆ, ಕೂತ್ಕೊಳ್ಳಿ" ಎಂದಳು. ಚಹಾ ಮಾಡಿದಳು. ನಾನು ಮಾಡಿದ್ದನ್ನು ಹೇಳಿದೆ. ಅವಳು ಸಮಾಧಾನ ಹೇಳಲಿಲ್ಲ.

"ನಾನು ದೂರು ಬರ್ದದ್ದಲ್ಲ, ಆದದ್ದು ಬರ್ದದ್ದು. ನೀವು ಅದನ್ನು ತೆಗ್ದು ಹಾಕಿದ್ರೆ ನನ್ನ ಗಂಡ ಇದ್ದದ್ದೇ ಇಲ್ಲ ಅಂದ ಹಾಗೆ ಆಯ್ತಲ್ಲ?" ಎಂದಳು.

ಆಮೇಲೆ ಆ ಪತ್ರವನ್ನು ನನ್ನ ಕೈಗೆ ಕೊಟ್ಟು, "ಓದಿ. ನಿಮ್ಮ ಬಾಯಿಂದ ಒಂದು ಸಲ ಕೇಳ್ಬೇಕು" ಎಂದಳು. ಓದಿದೆ. ಮಾಳವಿಕಾ ಕಿಟಕಿಯ ಹತ್ತಿರ ನಿಂತು ಕೇಳುತ್ತಿದ್ದಳು. ಒಂಬತ್ತು ಸಲ ಎಂಬುದನ್ನೂ ಓದಿದೆ. ತಾಯಿಯನ್ನು ಕರೆದುಕೊಂಡು ಬಂದಳು ಎಂಬಲ್ಲಿಗೆ ನಿಲ್ಲಿಸಿಬಿಟ್ಟೆ.

ನಿನಗೂ ಅಲ್ಲಿಯವರೆಗೆ ಮಾತ್ರ ಬರೆದಿದ್ದೆ. ಅದರ ಮುಂದೆ ಇನ್ನೂ ನಾಲ್ಕು ಸಾಲಿತ್ತು. ನಾನು ಕತ್ತರಿ ಹಾಕಿದ್ದು ನಿಜವಾಗಿ ಆ ಸಾಲುಗಳಿಗೆ. ಮೇಲಿನ ಆಪಾದನೆಯನ್ನು ಹೇಗೋ ಹೊತ್ತುಕೊಳ್ಳುತ್ತಿದ್ದೆನೇನೋ. ಈ ಸಾಲುಗಳನ್ನು ಇಂಗ್ಲಿಷಿನಲ್ಲಿ ಬರೆಯಲು ಹೋದಾಗಲೆಲ್ಲ ಕೈ ಏಳಲಿಲ್ಲ. ನಿನ್ನೆಯೂ ಓದಲಾಗಲಿಲ್ಲ.  ಆಮೇಲೆ ಕಾಗದ ನೋಡದೆ, ತನ್ನ ಗಂಡ ಹೋಗುವ ಮೊದಲು ಹೇಳಿದ್ದನ್ನು ಜೂಲಿಯೇ ಹೇಳಿದಳು:

"ಆ ಡಾಕ್ಟ್ರ ಮೇಲೆ ಎಲ್ಲಿಯೂ ದೂರು ಕೊಡ್ಬೇಡ ಜೂಲಿ. ಅವ್ರ ಹತ್ರ ಕನ್ನಡದಲ್ಲಿ ಮಾತಾಡುವಾಗ ನನ್ಗೆ ನೋವು ನಿಜವಾಗಿ ಕಡಿಮೆ ಆಗ್ತಿತ್ತು. ಅದಕ್ಕೇ ಕಡಿಮೆ ಉಂಟು ಅಂತ ಹೇಳ್ತಿದ್ದದ್ದು."

ವೇದವತಿ